ಕೇಳುವವನ ತಮ್ಮ

ಹೊಳೆದಂಡೆಯ ಆಶ್ರಮದಲ್ಲಿ ಆ ಮಳೆಗಾಲ ಕಳವಳದ ಸಂಗತಿಯೊಂದು ಜರುಗಿತು. ಶಿಷ್ಯ ಚನ್ನವೀರ ದಪ್ಪಗಾದ.

ಅಲ್ಲಿ ಎರಡು ಹೊತ್ತೂ ಅಂಬಲಿ. ಅದನ್ನು ಕುಡಿದು ದಪ್ಪಗಾದವರು ಹಿಂದೆ ಯಾರೂ ಇರಲಿಲ್ಲ. ಗುರುಗಳು ಕರೆಸಿ ಕೇಳಿದರು.

“ಏನು ತಿಂತಿದ್ದೀಯೋ?”

“ಹೊನ್ನವ್ವ ಹೋಳಿಗೆ ತರ್ತಾಳೆ, ಅಜ್ಜಾರ.”

ಮನಸ್ಸಿನ ಭಾರ ಹೇಳಿಕೊಳ್ಳಲು ಜನ ಆ ಆಶ್ರಮಕ್ಕೆ ಬರುತ್ತಿದ್ದರು. ಕೂತು ಕೇಳುವುದು ಗುರುಗಳ ಕೆಲಸ. ಈಚೆಗೆ ಶಿಷ್ಯನನ್ನೂ ಕೂರಿಸಿದ್ದರು. ಅವನ ಪಾಲಿಗೆ ಮೊದಲು ಬಂದವಳು, ಮಗಳನ್ನು ಕಳೆದುಕೊಂಡ ಮುದುಕಿ ಹೊನ್ನವ್ವ.

“ಈಗ ಅವಳು ಅಳೋದಿಲ್ಲ,” ಎಂದ ಚನ್ನವೀರ. ದನಿಯಲ್ಲಿ ತುಸು ಹೆಮ್ಮೆಯಿತ್ತು.

“ಏನು ಮಾಡಿದೆ?”

“ಮೊದಲ ದಿನ, ‘ಆಕಿ ಸಾಯೋ ದಿನ ಮುಂಜಾನೆ ನಾ ಒಂದು ಮಾತು ಅಂದಿದ್ದೆ’ ಅಂದವಳೇ ಸುಮ್ಮನಾದಳು. ಧೈರ್ಯ ಬರಲಿ ಅಂತ, ನನ್ನ ತಮ್ಮ ಹೊಳೆಪಾಲಾದದ್ದನ್ನು ಹೇಳಿದೆ.”

“ಬಂತೇನು ಧೈರ್ಯ?”

“ನನಗೇ ಅಳು ಬಂತು. ‘ಅಳಬ್ಯಾಡೋ ಯಪ್ಪಾ’ ಅಂತ ಸೆರಗಿನಿಂದ ಕಣ್ಣೊರೆಸಿದಳು. ಅಂದಿನಿಂದ ಸೋಮವಾರ ತಪ್ಪಿಸಿಲ್ಲ. ತಮ್ಮನ ವಿಷಯ ಕೇಳ್ತಾಳೆ, ನಾನು ಹೇಳ್ತೇನೆ.”

“ಮಗಳಿಗೆ ಅಂದ ಮಾತು ಯಾವುದಂತೆ?”

ಅದನ್ನು ಕೇಳುವುದೇ ಚನ್ನವೀರನಿಗೆ ಮರೆತುಹೋಗಿತ್ತು.

“ನೀವೂ ಒಮ್ಮೆ ಯಾರಿಗೋ ನಿಮ್ಮ ತಾಯಿ ಹೋದದ್ದನ್ನು ಹೇಳಿದ್ದಿರಿ, ಅಜ್ಜಾರ. ನಾನೇ ಕೇಳಿದ್ದೇನೆ.”

“ಹೇಳಿದ್ದೆ. ಅದನ್ನು ನಾನು ಅತ್ತು ಮುಗಿಸಿದ್ದೆ.”

ಈ ಸಲ ಬಾಯಿ ಮುಚ್ಚಿಕೊಂಡು ಆ ಮಾತನ್ನು ಕೇಳಿಯೇ ತೀರುವುದೆಂದು ಚನ್ನವೀರ ನಿಶ್ಚಯಿಸಿದ. ಸೋಮವಾರ ಬಂತು, ಹೊನ್ನವ್ವ ಬರಲಿಲ್ಲ. ಜ್ವರ ಏರಿ ಮಲಗಿದ್ದಾಳೆ, ಉಳಿಯುವ ಹಾಗಿಲ್ಲ ಎಂದು ಅಂಬಿಗ ಸುದ್ದಿ ತಂದ.

ಗುರುಗಳು ಹೊರಟರು. ಶಿಷ್ಯ ದೋಣಿಯವರೆಗೂ ಹಿಂದೆಯೇ ಹೋದ.

“ನಾನೂ ಬರ್ತೇನೆ.”

“ಬೇಡ. ನಿನ್ನ ಕಂಡರೆ ಕಣ್ಣೊರೆಸೋಕೆ ಎದ್ದು ಕೂರ್ತಾಳೆ.”

ಅವರು ಮರಳಿದಾಗ ಹೊತ್ತು ಮುಳುಗುತ್ತಿತ್ತು. ಚನ್ನವೀರ ಕಾಲಿಗೆ ನೀರು ಕೊಟ್ಟ. ಅವರು ತೊಳೆದು ಮುಗಿಸುವವರೆಗೂ ಕಾಯಲಾಗಲಿಲ್ಲ.

“ಆ ಮಾತು ಹೇಳಿದಳೇ?”

“ಕಿವಿ ಕೊಟ್ಟು ಕೂತಿದ್ದೆ. ‘ಆ ಹುಡುಗ ಮತ್ತ ಅತ್ತನೇನ್ರಿ?’ ಅಂದಳು.”

“ಆಮೇಲೆ?”

“ಆಮೇಲೆ ತೀರಿಕೊಂಡಳು.”