ಹಾಡು ನಿಂತ ಹೊಲ

ಒಂದಾನೊಂದು ಕಾಲದಲ್ಲಿ, ಆಗಿನ್ನೂ ನಿಮ್ಮಜ್ಜನ ಅಜ್ಜ ಕೂಡ ಹುಟ್ಟಿರಲಿಲ್ಲ, ಒಂದು ರಾಗಿ ಹೊಲದ ತುಂಬಾ ಜೀರುಂಡೆಗಳು ಇದ್ವಂತೆ. ಕಾಲು ಆಡಿಸ್ಬೇಡ ಪುಟ್ಟಿ, ಹೊದಿಕೆ ಜಾರತ್ತೆ. ಜೀರುಂಡೆಗಳಲ್ಲಿ ಜಾತಕ ಗೀತಕ ಏನೂ ಇಲ್ಲ. ಸಂಜೆ ಆದ್ರೆ ಗಂಡು ತನ್ನ ಬಿಲದ ಬಾಗಿಲಲ್ಲಿ ಕೂತು ರೆಕ್ಕೆ ಉಜ್ಜಿ ಹಾಡ್ಬೇಕು, ಹಾಡು ಹಿಡಿಸಿದ ಹೆಣ್ಣು ಹುಡುಕ್ಕೊಂಡು ಬರ್ಬೇಕು. ಮದುವೆ ಅಂದ್ರೆ ಅಷ್ಟೇ.

ಅಲ್ಲಿ ಮೂರು ಜನ ಅಣ್ಣತಮ್ಮಂದಿರು. ದೊಡ್ಡವನ ಹಾಡು ಕೆರೆ ಆಚೆಗೂ ಕೇಳ್ತಿತ್ತಂತೆ, ನಡುವಿನವನದು ಸಣ್ಣ ದನಿ, ಚಿಕ್ಕವನ ರೆಕ್ಕೆ ಹುಟ್ಟಿನಿಂದಲೇ ನುಣುಪು, ಎಷ್ಟು ಉಜ್ಜಿದ್ರೂ ಸದ್ದೇ ಇಲ್ಲ. ಹೆಣ್ಣುಗಳು ಅವನ ಬಾಗಿಲು ದಾಟ್ಕೊಂಡು ಹೋಗೋರಂತೆ, ಪಾಪ.

ಆಮೇಲೆ ಜೀರುಂಡೆ ಹೆಚ್ಚಾದ್ವು ಅಂತ ಗೂಬೆಗಳು ಬಂದು ಹುಣಸೆ ಮರದ ಪೊಟರೇಲಿ ಮರಿ ಮೇಲೆ ಮರಿ ಮಾಡಿದ್ವಂತೆ. ಗೂಬೆ ದನಿ ಹಿಡಿದೇ ಬರೋದು, ದೊಡ್ಡವನು ಹಾಡ್ತಾ ಹಾಡ್ತಾನೇ ಅದರ ಬಾಯಿಗೆ ಹೋದ. ನಡುವಿನವನು ನಾನು ಮೆಲ್ಲಗೆ ಹಾಡ್ತೀನಿ ಬಿಡು ಅಂದ, ಅವನೂ ಹೋದ. ಅವನ ಹಾಡು ಕೇಳಿ ಬರ್ತಿದ್ದ ಹೆಣ್ಣು ದಾರಿ ತಪ್ಪಿ ಚಿಕ್ಕವನ ಬಾಗಿಲಿಗೆ ಬಂದಳು, ಅವನನ್ನೇ ಮದುವೆ ಆದಳು. ಅವರ ಗಂಡುಮಕ್ಕಳೆಲ್ಲ ಅಪ್ಪನ ಹಾಗೇ ಸದ್ದಿಲ್ಲದವರು. ಹಾಡೋರು ಗೂಬೆ ಹೊಟ್ಟೆ ಸೇರಿದ್ರು, ಸದ್ದಿಲ್ಲದವರು ಉಳಿದ್ರು, ಮೊಮ್ಮಕ್ಕಳ ಕಾಲಕ್ಕೆ ಹೊಲಕ್ಕೆ ಹೊಲವೇ ಸುಮ್ಮನಾಯ್ತಂತೆ.

ಆಮೇಲೆ ಗೂಬೆಗಳಿಗೆ ಊಟ ಸಿಗದೆ, ಮರಿಗಳು ಬಡಕಲಾಗಿ, ಎಲ್ಲ ಹಾರಿ ಹೋದ್ವಂತೆ. ಬದುಕಿದ್ವಿ ಅಂತ ಇವರು ಕುಣೀಬೇಕಾಗಿತ್ತು ತಾನೇ? ಗೂಬೆ ಹೋಗಿದ್ದೇ ಯಾರಿಗೂ ಗೊತ್ತಿಲ್ಲ, ಎಲ್ಲಿಂದ ಕುಣೀತಾರೆ! ಒಂದೊಂದು ಬಿಲದಲ್ಲಿ ಒಬ್ಬೊಬ್ಬ ಕೂತು, ಲೋಕದಲ್ಲಿ ಉಳಿದೋನು ನಾನೊಬ್ಬನೇ ಅಂದ್ಕೊಳ್ತಿದ್ದ. ಪಕ್ಕದ ಸಾಲಲ್ಲೇ ಇನ್ನೊಬ್ಬನೂ ಹಾಗೇ ಅಂದ್ಕೊಂಡು ಕೂತಿರ್ತಿದ್ದ. ಎಲ್ಲೋ ಅಕಸ್ಮಾತ್ ಒಂದೆರಡು ಬಿಟ್ರೆ ಮದುವೆ ಇಲ್ಲ, ಮೊಟ್ಟೆ ಇಲ್ಲ, ವರ್ಷ ವರ್ಷಕ್ಕೂ ಕಮ್ಮಿ ಆಗ್ತಾ ಬಂದ್ರಂತೆ.

ಆಮೇಲೆ ಒಬ್ಬ ತಾಯಿಗೆ ಅವಳ ತವರಲ್ಲಿ ಹಿಂದೆ ಹಾಡ್ತಿದ್ದೋರ ಹಾಗೇ ಒರಟು ರೆಕ್ಕೆ ಇರೋ ಮಗ ಹುಟ್ಟಿದನಂತೆ. ಉಜ್ಜಿದ್ರೆ ಕಿರ್ರ್ ಅಂತು. ತಾಯಿ ಓಡಿ ಬಂದು, ಸುಮ್ಮನಿರೋ ನನ್ನಪ್ಪಾ, ಹಾಡಿದೋರು ಯಾರೂ ಉಳಿದಿಲ್ಲ ಅಂತ ಅತ್ತಳಂತೆ. ಅದಕ್ಕವನು, ಅಮ್ಮಾ, ನೀನಿರೋವರೆಗೂ ಸರಿ, ಆಮೇಲೆ ನಂಗ್ಯಾರಮ್ಮಾ ಅಂದ. ತಾಯಿ ಬಾಗಿಲು ಬಿಟ್ಟು ಸರಿದಳು.

ಮೊದಲನೇ ಸಂಜೆ ಹಾಡಿದ, ಯಾರೂ ಬರಲಿಲ್ಲ. ಎರಡನೇ ಸಂಜೆ ಹಾಡಿದ, ತನ್ನ ದನಿ ತನಗೇ ಕೇಳಿಸ್ತು, ಅಷ್ಟೇ. ಮೂರನೇ ಸಂಜೆ ರಾಗಿ ತೆನೆ ಅಲ್ಲಾಡಿತು. ಗೂಬೆ ಅಂದ್ಕೊಂಡ. ಆದ್ರೂ ಕಣ್ಣು ಮುಚ್ಕೊಂಡು ಹಾಡ್ತಾನೇ ಇದ್ದ. ಬಂದಿದ್ದು ಒಂದು ಹೆಣ್ಣು ಜೀರುಂಡೆ. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಪಕ್ಕದ ಸಾಲಿನ ಸದ್ದಿಲ್ಲದ ಹುಡುಗರು, ಎಲ್ಲರೂ. ನೀನೂ ಇದ್ಯಾ, ನೀನೂ ಇದ್ಯಾ ಅಂತ ಒಬ್ಬರನ್ನೊಬ್ಬರು ಮುಟ್ಟಿ ಮುಟ್ಟಿ ನೋಡಿದ್ರಂತೆ. ಒಂದೇ ಹಾಡಿಗೆ ಅಷ್ಟೂ ಮದುವೆ ಆಗಿಹೋಯ್ತು.

ಆಮೇಲೆ ಹೊಲ ತುಂಬ್ತು, ಗೂಬೆಗಳೂ ವಾಪಸ್ ಬಂದ್ವು, ಆ ಹಾಡಿದೋನನ್ನೂ ಒಂದು ದಿನ ಎತ್ಕೊಂಡು ಹೋದ್ವಂತೆ. ಅಳಬೇಡ್ವೇ. ಅಷ್ಟರಲ್ಲಿ ಅವನ ಮಕ್ಕಳಲ್ಲಿ ಹಾಡೋರೂ ಇದ್ರು, ಸದ್ದಿಲ್ಲದವರೂ ಇದ್ರು. ಗೂಬೆ ಹೆಚ್ಚಾದ್ರೆ ಸದ್ದಿಲ್ಲದವರು ಹೆಚ್ಚು, ಗೂಬೆ ಹೋದ್ರೆ ಹಾಡೋರು ಹೆಚ್ಚು, ಹಾಡು ಮಾತ್ರ ಪೂರ್ತಿ ನಿಲ್ಲಲಿಲ್ಲ. ಹಾಗಾಗಿ ಆವತ್ತಿಂದ ಆ ಹೊಲದಲ್ಲಿ ಯಾರೂ, ಉಳಿದೋನು ನಾನೊಬ್ಬನೇ ಅಂದ್ಕೊಂಡು ಸತ್ತಿಲ್ಲವಂತೆ. ಕತೆ ಮುಗೀತು ಕೂಸೇ, ಇನ್ನು ನಿನ್ನ ಕಣ್ಣೂ ಮುಚ್ಚಲಿ.