ಪಾನ್ಸಿತ್ ಉಂಡ ಗುರುಪಾದಜ್ಜ

ಮಲಪ್ರಭೆಯ ದಂಡೆಯ ಮೇಲೆ ಗುರುಪಾದಜ್ಜನ ಆಶ್ರಮ. ಅಲ್ಲಿ ಅಡುಗೆ ಅಡಿವೆಯ್ಯನದು. ಹದಿನೆಂಟು ವರ್ಷದಿಂದ ಅಜ್ಜನ ಶಿಷ್ಯನಾಗಿದ್ದ ಅವನಿಗೆ ಅಜ್ಜನ ಮಾತಿಗಿಂತ ಅಜ್ಜನ ಊಟವೇ ಹೆಚ್ಚು ಗೊತ್ತು.

ಆ ವರ್ಷ ಅಜ್ಜನಿಗೆ ಲಕ್ವ ಹೊಡೆಯಿತು. ಎಡಗೈ ಬಿದ್ದುಹೋಯಿತು, ನುಂಗುವುದೂ ಕಷ್ಟವಾಯಿತು. ಒಂದು ಮಧ್ಯಾಹ್ನ ಅನ್ನದ ಅಗುಳು ಗಂಟಲಿಗೆ ಸಿಕ್ಕಿ ಅಜ್ಜನ ಮುಖ ನೀಲಿಗಟ್ಟಿದ್ದನ್ನು ಅಡಿವೆಯ್ಯ ಕಣ್ಣಾರೆ ಕಂಡ.

ಅಂದಿನಿಂದ ಅಜ್ಜನಿಗೆ ಬರೀ ಗಂಜಿ. ಅದನ್ನೂ ಬಟ್ಟೆಯಲ್ಲಿ ಸೋಸಿ, ಚಮಚದಲ್ಲಿ ತಾನೇ ಕುಡಿಸುತ್ತಿದ್ದ.

ಅಜ್ಜನ ಆರೈಕೆಗೆ ನಿಂತವಳು ತೆರೆಸಿತಾ. ಫಿಲಿಪೈನ್ಸ್ ದೇಶದ ಲುಕ್ಬಾನ್ ಎಂಬ ಊರಿನವಳು. ಕೊಲ್ಲಿ ದೇಶದಲ್ಲಿ ದಾದಿಯಾಗಿದ್ದಾಗ ಅಜ್ಜನ ಭಕ್ತರೊಬ್ಬರ ಪರಿಚಯವಾಗಿ, ಒಮ್ಮೆ ನೋಡಿ ಹೋಗೋಣವೆಂದು ಬಂದವಳು ಇಲ್ಲೇ ಉಳಿದಿದ್ದಳು.

ದಿನಾ ಬೆಳಿಗ್ಗೆ ಅವಳು ಅಜ್ಜನ ಎದುರು ಕೂತು, ಗದ್ದ ಹೇಗೆ ತಗ್ಗಿಸಬೇಕು, ಗುಟುಕು ಹೇಗೆ ಇಳಿಸಬೇಕು ಎಂದು ಕಲಿಸಿದಳು. ಆರು ತಿಂಗಳಾದ ಮೇಲೆ, ಇನ್ನು ಮೆತ್ತಗೆ ಬೆಂದದ್ದನ್ನು ಅಜ್ಜ ಉಣ್ಣಬಹುದು ಎಂದಳು. ಡಾಕ್ಟರೂ ಹೌದೆಂದರು.

ಅಡಿವೆಯ್ಯ ಕೇಳಿಸಿಕೊಂಡ. ಗಂಜಿ ಸೋಸುವುದನ್ನು ಮಾತ್ರ ಬಿಡಲಿಲ್ಲ.

ಅಜ್ಜನಿಗೆ ಎಂಬತ್ತೊಂದು ತುಂಬುವ ದಿನ ಹತ್ತಿರ ಬಂತು. ಹುಟ್ಟಿದ ದಿನ ನಿಮ್ಮೂರಲ್ಲಿ ಏನು ಉಣ್ಣುತ್ತಾರೆ ಎಂದು ಅಜ್ಜ ತೆರೆಸಿತಾಳನ್ನು ಕೇಳಿದ.

ಅವಳ ಮುಖ ಅರಳಿತು. ಪಾನ್ಸಿತ್ ಎಂದಳು. ನಿಮ್ಮ ಶಾವಿಗೆಯ ಹಾಗೇ ಇರುತ್ತದೆ. ತರಕಾರಿ ಬೆಂದ ನೀರಿಗೆ ಎಳೆಗಳನ್ನು ಬಿಟ್ಟು, ರಸವೆಲ್ಲ ಹೀರಿಕೊಳ್ಳುವ ತನಕ ಕಾಯುವುದು. ಬಾಳೆಲೆಯ ತುಂಡಿನ ಮೇಲೆ ಹಾಕಿ, ಹುಳಿ ಚಿಮುಕಿಸಿ ಕೊಡುವುದು.

ಅದಕ್ಕೆ ಚಮಚ ಇಲ್ಲ. ಬೆರಳೂ ತಾಕಿಸುವುದಿಲ್ಲ. ಎಲೆಯನ್ನೇ ಬಾಯಿಗೆತ್ತಿ ಉಣ್ಣುತ್ತಾರೆ, ಬೀದಿಯಲ್ಲಿ ನಿಂತುಕೊಂಡು, ಮೂಗಿಗೂ ಗಲ್ಲಕ್ಕೂ ಮೆತ್ತಿಸಿಕೊಂಡು, ಒಬ್ಬರನ್ನೊಬ್ಬರು ನೋಡಿ ನಗುತ್ತ. ಆದರೆ ಹುಟ್ಟುಹಬ್ಬದ ಪಾನ್ಸಿತ್‌ನ ಎಳೆಯನ್ನು ಯಾರೂ ಕತ್ತರಿಸುವುದಿಲ್ಲ. ಎಳೆ ಎಷ್ಟು ಉದ್ದವೋ ಆಯುಷ್ಯ ಅಷ್ಟು ಉದ್ದ ಎಂಬ ನಂಬಿಕೆ.

“ಅದನ್ನ ಮಾಡು,” ಎಂದ ಅಜ್ಜ.

ಪಕ್ಕದ ಹಳ್ಳಿಯ ಹೆಂಗಸರು ಹೊಸೆದು ಕೋಲಿನ ಮೇಲೆ ಒಣಹಾಕಿದ್ದ ಶಾವಿಗೆ ಬಂತು. ಒಂದೊಂದು ಎಳೆಯೂ ಮಾರುದ್ದ. ತೆರೆಸಿತಾ ಅದರ ಮೇಲೆ ಕೈಯಾಡಿಸಿದಳು.

ಹುಟ್ಟಿದ ದಿನ ಬೆಳಿಗ್ಗೆ ಅವಳು ಗಜ್ಜರಿ, ಬೀನ್ಸ್, ಸೀಮೆಬದನೆ ಹೆಚ್ಚಿ ಎಸರಿಟ್ಟಳು. ಊರಿಂದ ತರಿಸಿಕೊಂಡಿದ್ದ ಸೋಯಾ ಸಾಸನ್ನು ಹನಿಸಿ, ಎಲೆ ಕೊಯ್ದು ತರಲು ಹಿತ್ತಲಿಗೆ ಹೋದಳು.

ಅಷ್ಟರಲ್ಲಿ ಅಡಿವೆಯ್ಯ ಶಾವಿಗೆಯನ್ನು ಅಕ್ಕಿ ಕಾಳಿನಷ್ಟು ಸಣ್ಣಗೆ ಮುರಿದು ಎಸರಿಗೆ ಸುರಿದುಬಿಟ್ಟ.

ತೆರೆಸಿತಾ ಬಂದು ಪಾತ್ರೆಯೊಳಗೆ ನೋಡಿದಳು. ಒಲೆಯ ಮುಂದೆ ಕೂತುಬಿಟ್ಟಳು. ಅವಳ ಕಣ್ಣು ತುಂಬಿದ್ದನ್ನು ಕಂಡೂ ಕಾಣದವನಂತೆ ಅಡಿವೆಯ್ಯ ಸೌಟು ತಿರುವಿದ.

ಎಲೆ ಮುಂದೆ ಬಂದಾಗ ಅಜ್ಜ ಬಗ್ಗಿ ನೋಡಿದ.

“ಇದನ್ನ ಮುರದವರು ಯಾರು?”

“ನಾನರೀ ಅಜ್ಜಾರ. ಗಂಟಲಿಗೆ ಸಿಗಬಾರದಂತ.”

ಅಜ್ಜ ಗದರಲಿಲ್ಲ. ವಾಸನೆ ಛಲೋ ಬಂದದ, ಎಲ್ಲರಿಗೂ ಬಡಿಸು ಎಂದ. ತನ್ನ ಎಲೆಯನ್ನು ಪಕ್ಕಕ್ಕೆ ಸರಿಸಿದ.

“ಕೋಲಿನ ಮ್ಯಾಲೆ ಇನ್ನೂ ಶಾವಿಗಿ ಅದಾವು. ನನಗ ನೀನ ಮಾಡ್ಕೊಂಡು ಬಾ. ಆಕಿ ಹೇಳಿದಂಗ.”

ಅಡಿವೆಯ್ಯ ಎದ್ದು ಒಳಗೆ ಹೋದ. ತೆರೆಸಿತಾ ಹಿಂದೆಯೇ ಬಂದಳು. ಅಗಲ ಬಾಣಲೆಯಲ್ಲಿ ಎಣ್ಣೆ, ತರಕಾರಿ, ಸಾಸು ಹಾಕಿಸಿ ಮತ್ತೆ ಎಸರಿಡಿಸಿದಳು. ಎಳೆಗಳ ಒಂದು ತುದಿಯನ್ನು ಕುದಿಯುವ ನೀರಿಗೆ ಬಿಟ್ಟು, ಅದು ಮೆತ್ತಗಾಗಿ ತಾನಾಗೇ ಬಾಗುವ ತನಕ ಉಳಿದದ್ದನ್ನು ಕೈಯಲ್ಲೇ ಹಿಡಿದು ಕಾಯಬೇಕು ಎಂದಳು. ಅವನು ಅವಸರಪಟ್ಟಾಗಲೆಲ್ಲ ಮೊಣಕೈ ಮುಟ್ಟಿ ನಿಲ್ಲಿಸಿದಳು.

ಆಮೇಲೆ ಎರಡು ಕಡ್ಡಿಗಳಿಂದ ಇಡೀ ರಾಶಿಯನ್ನು ಎತ್ತಿ ಮಗುಚಿ ತೋರಿಸಿದಳು. ಒಂದು ಎಳೆಯೂ ಕಡಿಯಲಿಲ್ಲ. ಇಷ್ಟು ವರ್ಷ ಒಲೆಯ ಮುಂದೆ ಕಳೆದವನು ಅವಳ ಕೈಯನ್ನು ಬಿಟ್ಟಗಣ್ಣಿನಿಂದ ನೋಡಿದ. ಶಾವಿಗೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಅವನ ಬಾಯಲ್ಲೂ ನೀರೂರಿತು.

ಎಲೆಗೆ ಹಾಕಿ, ನಿಂಬೆ ಹಿಂಡಿ, ಅಜ್ಜನ ಮುಂದೆ ತಂದ.

ಎಲೆಯನ್ನು ಬಾಯಿಗೆತ್ತಲು ಎರಡು ಕೈ ಬೇಕು. ಅಜ್ಜನಿಗೆ ಇದ್ದದ್ದು ಒಂದೇ.

“ನೀ ಹಿಡಿ,” ಎಂದ ಅಜ್ಜ.

ಅಡಿವೆಯ್ಯ ಮೊಣಕಾಲೂರಿ ಎಲೆ ಹಿಡಿದ. ತೆರೆಸಿತಾ ಪಕ್ಕದಲ್ಲಿ ಕೂತು ಅಜ್ಜನ ಗಂಟಲ ಮೇಲೆ ಕಣ್ಣಿಟ್ಟಳು.

ಅಜ್ಜ ಗದ್ದ ತಗ್ಗಿಸಿ ಒಂದು ತುದಿಯನ್ನು ತುಟಿಯಲ್ಲಿ ಹಿಡಿದ. ಎಳೆ ನಿಧಾನಕ್ಕೆ ಒಳಗೆ ಹೋಗತೊಡಗಿತು. ಅಜ್ಜ ಅಗಿದ, ನುಂಗಿದ, ಮತ್ತೆ ಎಳೆದುಕೊಂಡ. ಅಂಗಳದಲ್ಲಿ ಉಣ್ಣುತ್ತಿದ್ದ ಭಕ್ತರೆಲ್ಲ ಕೈ ನಿಲ್ಲಿಸಿ ನೋಡಿದರು.

ನಡುವೆ ಅಜ್ಜ ಕೆಮ್ಮಿದ.

ಅಡಿವೆಯ್ಯ ಎಲೆಯನ್ನು ಹಿಂದಕ್ಕೆಳೆಯಲು ಹೋದ. ಅಜ್ಜನ ಬಲಗೈ ಅವನ ಮಣಿಕಟ್ಟನ್ನು ಹಿಡಿಯಿತು. ಬಿಡಲಿಲ್ಲ. ಅವನು ತೆರೆಸಿತಾಳ ಮುಖ ನೋಡಿದ. ಅವಳು ಪರವಾಗಿಲ್ಲ ಎಂದು ತಲೆಯಾಡಿಸಿದಳು.

ಎಲೆಯನ್ನು ಮತ್ತೆ ಹತ್ತಿರ ಒಯ್ದ.

ಕೊನೆಯ ತುದಿಯೂ ಒಳಗೆ ಹೋಯಿತು. ಅಜ್ಜ ತಲೆ ಎತ್ತಿದಾಗ ಬಿಳಿ ಗಡ್ಡದ ತುಂಬ ಎಣ್ಣೆ, ಮೂಗಿನ ತುದಿಗೆ ಗಜ್ಜರಿಯ ಚೂರು. ತೆರೆಸಿತಾಳಿಗೆ ನಗು ತಡೆಯಲಾಗಲಿಲ್ಲ. ಅಜ್ಜನೂ ನಕ್ಕ. ಕಾಯಿಲೆ ಬಿದ್ದ ಮೇಲೆ ಆ ನಗುವನ್ನು ಯಾರೂ ಕೇಳಿರಲಿಲ್ಲ. ಅಂಗಳದಲ್ಲಿ ಒಬ್ಬೊಬ್ಬರಾಗಿ ಎಲೆಯನ್ನು ಬಾಯಿಗೆತ್ತಿದರು.

ಅಡಿವೆಯ್ಯ ಮಾತ್ರ ಖಾಲಿ ಎಲೆ ಹಿಡಿದು ಹಾಗೇ ಕೂತಿದ್ದ. ಮುರಿದು ಹಾಕಿದ್ದು ಇನ್ನೂ ಅವನ ಮನಸ್ಸನ್ನು ಕೊರೆಯುತ್ತಿತ್ತು.

“ಅಜ್ಜಾರ, ಎಳಿ ಉದ್ದಿದ್ರ ಆಯುಷ್ಯ ಉದ್ದ ಅಂತ ಆಕಿ ಅಂತಾಳ. ಖರೇನರೀ?”

ಅಜ್ಜ ತುಟಿಯ ಮೇಲಿನ ಹುಳಿಯನ್ನು ನೆಕ್ಕಿಕೊಂಡ.

“ಅದು ನನಗೇನು ಗೊತ್ತೋ. ಇಷ್ಟು ದಿನ ನೀ ನನ್ನ ಸಾವಿಗೆ ಅಂಜಿ ಆ ಸಾವಿಗೇ ಉಣಿಸಿದಿ. ಇವತ್ತ ನನಗ ಉಣಿಸಿದಿ.”