ಇಳಸಕ್ಕನ ಗುಡ್ಡಕ್ಕೆ ಆ ಹೆಸರು ಬಂದ ಬಗೆ

ಕಾರಲಕುಂಟಿ ಊರಿನ ಪಡುವಣಕ್ಕೆ, ಎರೆಹೊಲಗಳು ಮುಗಿದು ಕೆಂಪು ಮೊರಡಿ ಶುರುವಾಗುವಲ್ಲಿ, ಇಳಸಕ್ಕನ ಗುಡ್ಡ ನಿಂತಿದೆ. ಮುಗಿಲು ಮುಟ್ಟುವ ಗುಡ್ಡವೇನಲ್ಲ, ಆದರೆ ಏರು ಬಹಳ ಕಡಿದು. ಕೆಳಗೆ ನಿಂತು 'ಇಷ್ಟೇನಾ' ಎಂದು ಮೂಗು ಮುರಿದವರು ನಡುದಾರಿಯಲ್ಲಿ ಮೊಳಕಾಲು ಹಿಡಿದು ಏದುಸಿರು ಬಿಡುವುದನ್ನು ಊರವರು ಬೇಕಾದಷ್ಟು ನೋಡಿದ್ದಾರೆ. ತುದಿಯಲ್ಲಿ ಹಣಮಪ್ಪನ ಸಣ್ಣ ಗುಡಿ ಇದೆ. ಶನಿವಾರ ಎಣ್ಣೆ ಎರೆಯಲು ಬರುವ ಭಕ್ತರು, ಬೆಳಗಿನ ಹೊತ್ತು ಮೈ ಹುರಿಮಾಡಿಕೊಳ್ಳಲು ಓಡುತ್ತ ಹತ್ತುವ ಜಿಮ್ಮಿನ ಹುಡುಗರು, ಇವರೇ ಈ ದಾರಿಯ ಜನ. ಹೊಸದಾಗಿ ಬಂದವರು ಹಣಮಪ್ಪನಿಗೆ ಕೈಮುಗಿದು, ಕಾಯಿ ಒಡೆಸಿ, ಆಮೇಲೆ ಇಳಸಕ್ಕನ ಗುಡಿ ಎಲ್ಲಿ ಎಂದು ಕೇಳುತ್ತಾರೆ. ಅಂಥ ಗುಡಿ ಇಲ್ಲ. ಇಳಸಕ್ಕ ಎಂಬ ದೇವತೆಯೂ ಇಲ್ಲ, ಆ ಹೆಸರಿನ ಹೆಂಗಸು ಈ ಊರಲ್ಲಿ ಎಂದೂ ಹುಟ್ಟಿರಲಿಲ್ಲ. ಅದು ಒಬ್ಬ ತಮ್ಮ ತನ್ನ ಅಕ್ಕನಿಗೆ ಹೇಳಿದ ಮಾತು. ಕೇಳಬೇಕಾದ ಹೊತ್ತಿನಲ್ಲಿ ಆ ಮಾತನ್ನು ಯಾರೂ ಕೇಳಲಿಲ್ಲವೆಂದೋ ಏನೋ, ಈಗ ಇಡೀ ಊರು ದಿನಕ್ಕೆ ಹತ್ತು ಸಲ ಅದನ್ನೇ ಹೇಳುತ್ತದೆ.

ಹಿಂದೆ ಒಮ್ಮೆ, ಈ ಸೀಮೆ ದೇಸಾಯರ ಕೈಯಲ್ಲಿದ್ದಾಗ, ಊರ ಅಗಸೆಬಾಗಿಲ ಬಳಿ ಬರಮವ್ವ ಎಂಬ ಹುಡುಗಿ ತನ್ನ ತಮ್ಮ ಅಡಿವೆಪ್ಪನನ್ನು ಸಾಕಿಕೊಂಡು ಬಾಳುತ್ತಿದ್ದಳು. ತಂದೆ ತಾಯಿ ಇಬ್ಬರೂ ಒಂದೇ ಬೇನೆಯಲ್ಲಿ ಹೋಗಿದ್ದರು. ಅದೇ ಬೇನೆ ಅಡಿವೆಪ್ಪನ ಜೀವ ಬಿಟ್ಟು ಕಾಲು ತೆಗೆದುಕೊಂಡಿತ್ತು. ಸೊಂಟದ ಕೆಳಗೆ ಅವನ ಮೈ ಒಣಗಿದ ಜೋಳದ ದಂಟಿನಂತೆ ಜೋತು ಬಿದ್ದಿರುತ್ತಿತ್ತು. ಕೈ ಮಾತ್ರ ಚುರುಕು. ಕಟ್ಟೆಯ ಮೇಲೆ ಕುಳಿತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ, ಹೋಗಿಬರುವವರನ್ನೆಲ್ಲ ಮಾತಿನಲ್ಲಿ ಕೆಣಕುತ್ತಿದ್ದ. ಗುಡ್ಡದ ಹಣಮಪ್ಪನ ಬಗ್ಗೆ ಒಂದು ನಂಬಿಕೆಯಿತ್ತು. ಸಂಜೀವಿನಿಯ ಬೆಟ್ಟ ಹೊತ್ತು ಹಾರುವಾಗ ಹನುಮಂತ ಅದನ್ನು ಎಲ್ಲಿಯೂ ನೆಲಕ್ಕೆ ಇಳಿಸಲಿಲ್ಲ, ಅವನ ಕೈಯಿಂದ ಉದುರಿದ ಮಣ್ಣಹೆಂಟೆಯೇ ಈ ಗುಡ್ಡ. ಆದ್ದರಿಂದ ಏಳಲಾರದವರನ್ನು ಶ್ರಾವಣದ ಶನಿವಾರಗಳಲ್ಲಿ, ಒಂದೂ ತಪ್ಪದೆ, ಬುಡದಿಂದ ತುದಿಯವರೆಗೆ ಎಲ್ಲಿಯೂ ಇಳಿಸದೆ ಹೊತ್ತು ತಂದರೆ ಅವರು ತಮ್ಮ ಕಾಲಮೇಲೆ ಇಳಿದುಹೋಗುತ್ತಾರೆ ಎನ್ನುತ್ತಿದ್ದರು. ಹೊರುವವರು ರೋಗಿಯ ಒಡಹುಟ್ಟಿದವರೋ ಹೆತ್ತವರೋ ಆಗಬೇಕು, ಕೂಲಿಯ ಹೆಗಲು ನಡೆಯದು. ಬರಮವ್ವ ಹರಕೆ ಹೊತ್ತಳು. ಮೊದಲ ಶನಿವಾರವೇ ಬುಡದ ಹುಣಸೆಮರ ದಾಟುವಷ್ಟರಲ್ಲಿ ಕಾಲು ನಡುಗಿ ತಮ್ಮನೊಂದಿಗೆ ಮುಗ್ಗರಿಸಿ ಬಿದ್ದಳು. ನೋಡಲು ನೆರೆದ ಜನ ಅಯ್ಯೋ ಎಂದರು, ಕೆಲವರು ನಕ್ಕರು.

ನಕ್ಕವರಲ್ಲಿ ಗರಡಿಯ ವಸ್ತಾದ ರಾಜೇಸಾಬ ಇರಲಿಲ್ಲ. ಊರ ಪೈಲವಾನರನ್ನೆಲ್ಲ ತಿದ್ದಿದ ಮುದುಕ ಅವನು, ಬಾಯಿ ಬಿರುಸು, ಕರುಳು ಮೆತ್ತಗೆ. ಗರಡಿಯ ಕೆಮ್ಮಣ್ಣನ್ನು ಹೆಂಗಸರು ತುಳಿಯಬಾರದೆಂಬ ಕಟ್ಟಳೆ ಇತ್ತು. ಅವನು ಕಟ್ಟಳೆ ಮುರಿಯಲಿಲ್ಲ. ಗೋಡೆಯ ಹೊರಗಿನ ಬೇವಿನ ನೆರಳಲ್ಲಿ ಬರಮವ್ವ ಬಂದು ನಿಂತಾಗ, ಒಳಗಿನ ಹುಡುಗರಿಗೆ ಹೇಳುವ ನೆಪದಲ್ಲಿ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. "ಭಾರ ಬೆನ್ನಿಗೆ ಹಾಕಬ್ಯಾಡ್ರಲೇ, ತೊಡಿಗೆ ಹಾಕ್ರಿ! ಒಂದ ದಿನ ಸಾಮು ಮಾಡಿದ್ರ ಮರುದಿನ ಮೈಗೆ ನಿದ್ದಿ ಕೊಡ್ರಿ. ಮೈ ಸಾಕು ಅಂತೈತಲ್ಲ, ಆ ಸಾಕು ದಾಟಿ ಇನ್ನ ನಾಕು ಹೆಜ್ಜಿ ಇಡ್ರಿ. ಬಲ ಇರೂದು ಆ ನಾಕು ಹೆಜ್ಜ್ಯಾಗ." ಕುಸ್ತಿ ಕಲಿಯಲು ಬಂದವರಿಗೆ ಹೊರೆ ಹೊರುವ ಪಾಠ ಯಾಕೆಂದು ಹುಡುಗರು ತಲೆ ಕೆರೆದುಕೊಳ್ಳುತ್ತಿದ್ದರಂತೆ.

ಬರಮವ್ವ ಗೋಡೆಯಾಚೆಯ ಆ ಪಾಠವನ್ನು ಒಂದಕ್ಷರ ಬಿಡದೆ ಪಾಲಿಸಿದಳು. ಮೊದಲು ಮರಳಿನ ಚೀಲ ಹೊತ್ತು ನಡೆದಳು, ಚೀಲಕ್ಕೆ ವಾರಕ್ಕಿಷ್ಟು ಮರಳು ಕೂಡಿಸಿದಳು, ಆಮೇಲೆ ತಮ್ಮನನ್ನೇ ಹೊತ್ತು ಏರು ಹತ್ತತೊಡಗಿದಳು. ನೆನೆಸಿದ ಕಡಲೆ ತಿಂದಳು, ಎಮ್ಮೆಯ ಹಾಲು ಮಾರುವುದನ್ನು ಬಿಟ್ಟು ತಾನೂ ಕುಡಿದು ತಮ್ಮನಿಗೂ ಕುಡಿಸಿದಳು. ಅಡಿವೆಪ್ಪ ಪುಂಡಿನಾರಿನಲ್ಲಿ ಅಗಲವಾದ ಪಟ್ಟಿ ಹೆಣೆದು, ಅದರಿಂದ ತನ್ನನ್ನು ಅಕ್ಕನ ಬೆನ್ನಿಗೆ ಬಿಗಿಸಿಕೊಳ್ಳುತ್ತಿದ್ದ. ತಿಂಗಳುಗಟ್ಟಲೆ ಏನೂ ಆದಂತೆ ಕಾಣಲಿಲ್ಲ. ಬರೀ ಮೈಕೈ ನೋವು, ಏರಿದ್ದು ಬರೀ ಹುಣಸೆಮರದವರೆಗೆ. ಒಂದು ದಿನ ಒಲೆಯ ಮುಂದೆ ಕುಳಿತು, ಇದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತೆಂದು ಅತ್ತುಬಿಟ್ಟಳು. ಫಲವನ್ನು ಮೊದಲು ಕಂಡವನು ತಮ್ಮ. "ಯಕ್ಕಾ, ಮೊದಲ ನಿನ್ನ ಹೆಗಲಿನ ಎಲುಬು ನನ್ನ ಎದಿಗೆ ಚುಚ್ಚತಿತ್ತು. ಈಗ ಹಾಸಿಗಿ ಆದಂಗ ಆಗೈತಿ ನೋಡು" ಎಂದ. ಆಮೇಲೆ ಅವಳಿಗೂ ಒಂದೊಂದಾಗಿ ಗೊತ್ತಾಗತೊಡಗಿತು. ಬಾವಿಯ ತುಂಬಿದ ಕೊಡ ಒಂದೇ ಕೈಯಲ್ಲಿ ಬಂತು. ಬೀಸುಕಲ್ಲು ತಾನಾಗಿಯೇ ತಿರುಗುವಂತೆ ತಿರುಗಿತು. ಹಬ್ಬಕ್ಕೆಂದು ಹೊಲಿಸಿದ ಕುಪ್ಪಸ ತೋಳಿನಲ್ಲಿ ಪರ್ ಎಂದು ಹರಿದಾಗ ಅಕ್ಕತಮ್ಮ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಊರು ನಗಲಿಲ್ಲ. ಕನ್ಯೆ ನೋಡಲು ಬಂದವರು ಅವಳ ಹೆಗಲು ನೋಡಿ, ಕೊಟ್ಟ ನೀರನ್ನೂ ಪೂರ್ತಿ ಕುಡಿಯದೆ ಎದ್ದುಹೋದರು. ಆಡುವವರ ಬಾಯಿಗೆ ಬೀಗವೆಲ್ಲಿ? ಬರಮವ್ವನಿಗೆ ನೋವಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಅವಳಿಗಿಂತ ಹೆಚ್ಚು ನೊಂದವನು ಅಡಿವೆಪ್ಪ. ಕಾಲು ಬಂದರೆ ಅಕ್ಕನಿಗೊಂದು ಮನೆಯಾದೀತು ಎಂಬುದೊಂದೇ ಅವನ ಆಸೆ. ಹರಕೆಗೆ ಅವನು ಒಪ್ಪಿದ್ದೂ ಅದಕ್ಕೇ. ಆದರೂ ಏರಿನಲ್ಲಿ ಅಕ್ಕನ ಕತ್ತಿನ ನರ ಉಬ್ಬುವುದನ್ನು ಕಂಡಾಗಲೆಲ್ಲ ಅವನ ಬಾಯಿಂದ ಒಂದೇ ಮಾತು ಬರುತ್ತಿತ್ತು. "ಇಳಸಕ್ಕಾ, ಸಾಕು." ಅವಳದೂ ಒಂದೇ ಉತ್ತರ. "ಸುಮ್ನ ಕುಂದ್ರೊ. ಇನ್ನ ನಾಕು ಹೆಜ್ಜಿ." ನಾಲ್ಕು ಹೆಜ್ಜೆ ಹೋಗಿ ಸೀಳುಬಂಡೆ ದಾಟಿದಳು, ಮರುವರ್ಷ ಪಾಪಾಸುಕಳ್ಳಿಯ ತಿರುವು ದಾಟಿದಳು. ಅವನು ಬೇಡವೆಂದಷ್ಟೂ ಇವಳ ಬಲ ಬೆಳೆಯಿತು. ಅದು ಅವರಿಬ್ಬರ ನಡುವಿನ ಆಟವೇ ಆಗಿಹೋಯಿತು. ಕೆಳಗೆ ನಿಂತ ಜನಕ್ಕೂ ಅದು ಬಾಯಿಪಾಠವಾಯಿತು. ಗುಡ್ಡದ ಮೇಲಿಂದ ಕೂಗು ಕೇಳಿದರೆ, 'ಅಗೋ, ಇಳಸಕ್ಕ ಹೊಂಟಳು' ಎನ್ನುತ್ತಿದ್ದರು.

ಕೊನೆಗೊಂದು ಶ್ರಾವಣದಲ್ಲಿ ಅವಳು ಮೊದಲ ಶನಿವಾರವೇ ತುದಿ ಮುಟ್ಟಿದಳು. ಎರಡನೆಯದೂ ಆಯಿತು, ಮೂರನೆಯದೂ ಆಯಿತು. ಉಳಿದದ್ದು ಕಡೆಯ ಶನಿವಾರ ಮಾತ್ರ. ಆ ವಾರವೆಲ್ಲ ಜಿಟಿಜಿಟಿ ಮಳೆ ಹಿಡಿದು ಅಡಿವೆಪ್ಪನಿಗೆ ಎದೆ ಕಟ್ಟಿತ್ತು. ಕೆಮ್ಮಿ ಕೆಮ್ಮಿ ಸೋತಿದ್ದ. ಬರಮವ್ವ ಹಿಂಜರಿದಳು. "ಮುಂದಿನ ವರ್ಷ ನೋಡೂಣೇನೊ?" ಎಂದಳು. "ಮತ್ತ ಮೊದಲಿಂದ ಹೊರತೀಯೇನು? ಇವತ್ತೊಂದ ದಿನ, ನಡಿ" ಎಂದು ಅವನೇ ಪಟ್ಟಿ ಕೈಗೆ ಕೊಟ್ಟ. ದಾರಿ ಜಾರುತ್ತಿದ್ದುದರಿಂದ ಅವಳು ಅಂದು ಪಟ್ಟಿಯನ್ನು ಎಂದಿಗಿಂತ ಬಿಗಿಯಾಗಿ ಕಟ್ಟಿದಳು. ಮೈ ಅಂದು ಅವಳು ಹೇಳಿದಂತೆ ಕೇಳಿತು. ಹುಣಸೆಮರ, ಸೀಳುಬಂಡೆ, ತಿರುವು, ಎಲ್ಲವೂ ಅಂಗಳದಲ್ಲಿ ಅಡ್ಡಾಡಿದಷ್ಟು ಹಗುರವಾಗಿ ಹಿಂದೆ ಬಿದ್ದವು. ಗುಡಿಯ ಗಂಟೆ ಕಾಣುವಲ್ಲಿಗೆ ಬಂದಾಗ ಬೆನ್ನಿನಿಂದ ಸಣ್ಣ ದನಿ ಬಂತು. "ಇಳಸಕ್ಕಾ." ಅವಳು ನಕ್ಕಳು. "ಸುಮ್ನ ಕುಂದ್ರೊ. ಇನ್ನ ನಾಕು ಹೆಜ್ಜಿ." ಗಂಟೆ ಇನ್ನೇನು ಕೈಗೆಟಕುವುದು ಎನ್ನುವಾಗ ಇನ್ನೊಮ್ಮೆ ಬಂತು. "ಇಳಸಕ್ಕಾ." ಈ ಸಲ 'ಸಾಕು' ಎಂಬುದು ಅದರ ಹಿಂದೆ ಬರಲಿಲ್ಲ. ಅವಳು ಅದನ್ನು ಗಮನಿಸಲಿಲ್ಲ. ಗೆಲುವು ಕಣ್ಣೆದುರಿಗೇ ಇತ್ತು.

ಗುಡಿಯ ಹಾಸುಗಲ್ಲ ಮೇಲೆ ನಿಂತು ಅವಳು ಹಣಮಪ್ಪನನ್ನು ನೋಡಿದಳು. "ನೋಡೊ ಅಡಿವ್ಯಾ, ನನಗ ಉಸುರು ಸೈತ ಹತ್ತಿಲ್ಲ" ಎಂದಳು. ಪಟ್ಟಿ ಬಿಚ್ಚಿ, ಹರಕೆಯಂತೆ ಅವನ ಪಾದವನ್ನು ಕಲ್ಲಿಗೆ ಮುಟ್ಟಿಸಲು ತಿರುಗಿದಾಗ ಅವನ ತಲೆ ಅವಳ ತೋಳಿನ ಮೇಲೆ ಹೊರಳಿತು. ತುಟಿ ನೀಲಿಯಾಗಿತ್ತು. ಬಿಗಿದ ಪಟ್ಟಿಯ ಕೆಳಗೆ, ಅಕ್ಕನ ಗಟ್ಟಿ ಬೆನ್ನಿಗೆ ಒತ್ತಿಕೊಂಡು, ಕಟ್ಟಿದ ಎದೆ ನಿಂತುಹೋಗಿತ್ತು. ಮೊದಲ ಕೂಗಿಗೇ ಇಳಿಸಿದ್ದರೆ ಅವನು ಉಳಿಯುತ್ತಿದ್ದನೇ? ಯಾರು ಬಲ್ಲರು? ಬರಮವ್ವ ಅವನನ್ನು ಎದೆಗವಚಿಕೊಂಡು ಇಳಿದಳು. ದಾರಿಯಲ್ಲಿ ಬಂಡೆ ಕಂಡಲ್ಲೆಲ್ಲ ಅವನನ್ನು ಮೆಲ್ಲಗೆ ಇಳಿಸಿ, ಪಕ್ಕದಲ್ಲಿ ಕೂತು, ತಲೆ ನೇವರಿಸಿ, ಮತ್ತೆ ಎತ್ತಿಕೊಂಡಳು. ಬುಡ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಎದುರು ಬಂದ ರಾಜೇಸಾಬನಿಗೆ ಅವಳು ಹೇಳಿದ್ದು ಒಂದೇ ಮಾತು. "ನನ್ನ ಸಾಕು ದಾಟು ಅಂದಿದ್ದಿ, ಕಾಕಾ. ನಾ ಅವನ ಸಾಕು ದಾಟಿಬಿಟ್ಟೆ." ಆ ಮುದುಕ ಆಮೇಲೆ ಯಾರಿಗೂ ಆ ಪಾಠ ಹೇಳಲಿಲ್ಲ ಎನ್ನುತ್ತಾರೆ.

ತಿಂಗಳ ದಿನ ಬರಮವ್ವ ಹೊರಗೆ ಕಾಣಲಿಲ್ಲ. ತಮ್ಮನಿಲ್ಲದ ಮನೆಯಲ್ಲಿ ಅಷ್ಟೊಂದು ಬಲ ಇಟ್ಟುಕೊಂಡು ಅವಳು ಏನು ಮಾಡಬೇಕು? ಮೈ ಅವಳ ದುಃಖ ಕೇಳುವಂಥದ್ದಲ್ಲ. ಬೆಳಗಾದರೆ ಕಾಲು ತಾವೇ ಗುಡ್ಡದ ಕಡೆ ಹೊರಡುತ್ತಿದ್ದವು. ಒಂದು ದಿನ ಹಳ್ಳದ ದಂಡೆಯಿಂದ ಕಲ್ಲುಚಪ್ಪಡಿಯೊಂದನ್ನು ಹೆಗಲಿಗೇರಿಸಿಕೊಂಡು ಹತ್ತಿದಳು. ಹುಣಸೆಮರದ ಬಳಿ ಎರಡು ಕಂಬಗಲ್ಲು ನೆಟ್ಟು, ಬೆನ್ನಿನ ಮೇಲಿದ್ದವರನ್ನು ಹಿಂದಕ್ಕೆ ಸರಿದು ಕೂರಿಸುವಷ್ಟು ಎತ್ತರಕ್ಕೆ ಚಪ್ಪಡಿ ಹೊಂದಿಸಿದಳು. ಪೂಜಾರಿ ಓಡಿಬಂದ. ಹಣಮಪ್ಪ ಬೆಟ್ಟ ಇಳಿಸದೆ ಹೊತ್ತ ಜಾಗದಲ್ಲಿ ಇಳಿಸುವ ಕಟ್ಟೆ ಕಟ್ಟುವುದು ಪಾಪವೆಂದ. ಅವಳು ಮಣ್ಣು ಕೊಡವಿಕೊಂಡು ಎದ್ದು ನಿಂತಳು. "ಹಣಮಪ್ಪ ಹೊತ್ತಿದ್ದು ಬೆಟ್ಟ, ಅಯ್ಯನವರಽ. ಬೆಟ್ಟ ಇಳಸು ಅನ್ನತಿರಲಿಲ್ಲ." ವರ್ಷಗಳು ಕಳೆದವು, ಅವಳ ಕೂದಲು ಬೆಳ್ಳಗಾಯಿತು, ಏರಿನುದ್ದಕ್ಕೂ ಕಟ್ಟೆಗಳು ಎದ್ದವು. ಯಾರ ಕೈಯನ್ನೂ ಅವಳು ಕೂಡಿಸಿಕೊಳ್ಳಲಿಲ್ಲವಂತೆ.

ಆ ಕಟ್ಟೆಗಳು ಇಂದಿಗೂ ಇವೆ. ಕೂತವರ ಮೈ ತಿಕ್ಕಿ ತಿಕ್ಕಿ ಚಪ್ಪಡಿಗಳು ನುಣುಪಾಗಿವೆ. ಇಳಿಸದೆ ಹೊರುವ ಹರಕೆ ಈಗ ಯಾರೂ ಹೊರುವುದಿಲ್ಲ. ಕೂಸನ್ನು ಎತ್ತಿಕೊಂಡ ತಾಯಿ, ಅಜ್ಜಿಯನ್ನು ಹೊತ್ತ ಮೊಮ್ಮಗ, ಪ್ರತಿ ಕಟ್ಟೆಯ ಮುಂದೆಯೂ ನಿಂತು, "ಇಳಸಲೇನು?" ಎಂದು ಕೇಳಲೇಬೇಕು. ಮಾತು ಬಾರದ ಕೂಸನ್ನೂ ಕೇಳುತ್ತಾರೆ. ಕೇಳಿದ ಮೇಲೆ ಉತ್ತರಕ್ಕೆ ಕಾಯುತ್ತಾರೆ. ಎಲ್ಲಕ್ಕಿಂತ ಮೇಲಿನ ಕಟ್ಟೆ ಗುಡಿಗೆ ತೀರ ಹತ್ತಿರ, ಅಲ್ಲಿಂದ ಕೈ ಚಾಚಿದರೆ ಗಂಟೆ ಸಿಕ್ಕೀತು ಎನ್ನುವಷ್ಟು. ಗುಡಿ ಕಣ್ಣೆದುರಿಗಿರುವಾಗ ಇಲ್ಲೊಂದು ಕಟ್ಟೆ ಯಾಕೆ ಬೇಕಿತ್ತು, ಕಟ್ಟಿದವರಿಗೆ ಬುದ್ಧಿ ಇರಲಿಲ್ಲವೇ ಎಂದು ಹೊರಗಿನವರು ನಗುವುದುಂಟು. ಊರಿನವರು ನಗುವುದಿಲ್ಲ. ಎಷ್ಟೇ ಅವಸರವಿದ್ದರೂ, ಹೊರೆಯಿರಲಿ ಬಿಡಲಿ, ಅವರು ಅಲ್ಲಿ ಕೂತೇ ಮುಂದೆ ಹೋಗುತ್ತಾರೆ.